ಭಾವನ ಸೋರುವ ಕಾರು

ನನ್ನ ಗಂಡನ ಅಣ್ಣ ಇಂಡಿ ಪಟ್ಟಣದಲ್ಲಿ ವಕೀಲನಾಗಿದ್ದ. ಎದುರಿಗೆ ಅವನಿಗೆ ಬಹುವಚನ ಕೊಡುತ್ತಿದ್ದೆ, ಮನಸ್ಸಿನಲ್ಲಿ ಏಕವಚನ. ಈಗೇನು ಮುಚ್ಚುಮರೆ, ಇಲ್ಲಿಯೂ ಏಕವಚನವೇ ಇರಲಿ.

ಎಪ್ಪತ್ತರ ದಶಕದ ನಡುವಿನಲ್ಲಿ ಅವನು ಸೊಲ್ಲಾಪುರದಿಂದ ಒಂದು ಹಳೆಯ ಕಾರು ತಂದ. ಬಣ್ಣವೊಂದೇ ಹೊಸದು. ಓಣಿಯಲ್ಲಿ ಬೇರೆ ಯಾರಿಗೂ ಕಾರಿರಲಿಲ್ಲ, ಅವನಿಗೆ ಅಷ್ಟೇ ಸಾಕಾಗಿತ್ತು. ಎಲೆ ಅಡಿಕೆ ತರಲೂ ಹಾರ್ನ್ ಹೊಡೆಯುತ್ತ ಹೋಗುತ್ತಿದ್ದ.

ಆ ವರ್ಷ ನನ್ನ ನಾದಿನಿಗೆ ಮುದ್ದೇಬಿಹಾಳದ ಸಂಬಂಧವೊಂದು ಬಂತು. ಹೆಣ್ಣು ನೋಡಲು ಗಂಡಿನ ಕಡೆಯವರು ಬರುವುದು ರೂಢಿ. ಆದರೆ ಭಾವನಿಗೆ ಕಾರು ತೋರಿಸಬೇಕಿತ್ತು. "ನಾವ ಹುಡುಗಿನ್ನ ಕರಕೊಂಡು ಬರ್ತೇವಿ" ಎಂದು ಹೇಳಿಕಳಿಸಿದ. ಅವನು, ನನ್ನ ಗಂಡ ಮುಂದೆ. ಅತ್ತೆ, ನಾದಿನಿ, ನಾನು ಹಿಂದೆ. ಸಿಂದಗಿ ದಾಟಿದ ಮೇಲೆ ಮಳೆ ಹಿಡಿಯಿತು. ನಾದಿನಿಯ ನೆತ್ತಿಯ ಮೇಲೆ ತಟ್ ತಟ್ ಎಂದು ನೀರು.

"ಅಣ್ಣಾ, ಸೋರಾಕತ್ತೈತಿ."

"ಸೋರೂದಲ್ಲ ಅದು. ಒಳಗ ಭಾಳ ಮಂದಿ ಕುಂತೀರಿ, ನಿಮ್ಮ ಉಸರಿಗೆ ಮ್ಯಾಲಿನ ಬಟ್ಟಿ ಬೆವರ್ತೈತಿ."

ಅಣ್ಣನ ಮುಂದೆ ಎಂದೂ ಬಾಯಿ ತೆರೆಯದ ನನ್ನ ಗಂಡ ಹೊರಗಿನ ಹೊಲ ನೋಡುತ್ತ ಕುಳಿತ. ಅತ್ತೆ ಗಂಡಿನ ಮನೆಗೆಂದು ತಂದಿದ್ದ ಉಂಡಿ ಡಬ್ಬಿಯ ಮುಚ್ಚಳವನ್ನು ಮಗಳ ತಲೆಯ ಮೇಲೆ ಹಿಡಿದಳು. ಅದೂ ತುಂಬಿ ಚೆಲ್ಲಿತು. ಮುದ್ದೇಬಿಹಾಳ ಮುಟ್ಟಿದಾಗ ಹುಡುಗಿಯ ಕುಂಕುಮ ಮೂಗಿನ ಮೇಲೆ ಇಳಿದಿತ್ತು. ಆ ಮನೆಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. "ತಿಳಿಸ್ತೇವ್ರಿ" ಎಂದವರು ತಿಳಿಸಲೇ ಇಲ್ಲ.

"ಆಕಿ ನೆಟ್ಟಗ ಕೂಡಲಿಲ್ಲ, ಅದಕ್ಕ ಕೆಟ್ಟಿತು" ಎಂದ ಭಾವ. ಅವನ ಮೇಲೆ ನನಗಿದ್ದ ತಾತ್ಸಾರ ಅವತ್ತು ಗಟ್ಟಿಯಾಯಿತು.

ಆಮೇಲೆ ಒಂದು ಭಾನುವಾರ ರಸ್ತೆ ಕೆಲಸದ ಡಾಂಬರು ತಂದು, ಅಂಗಳದಲ್ಲಿ ಕಾಯಿಸಿ, ಕಾರಿನ ಚಾವಣಿಗೆ ತಾನೇ ಬಳಿದ. ಬಿಸಿಲು ಬಿದ್ದದ್ದೇ ಅದು ಕರಗಿ ಬಾಗಿಲ ಮೇಲೆ ಇಳಿಯಿತು, ಅವನ ಧೋತರಕ್ಕೂ ಅಂಟಿತು. ಮುಂದಿನ ಮಳೆಗೆ ಕಾರು ಮತ್ತೆ ಅದೇ ಜಾಗದಲ್ಲಿ ಸೋರಿತು. ಕೋರ್ಟಿನಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವೆ ಎನ್ನುತ್ತಿದ್ದವನಿಗೆ ಒಂದು ಹನಿ ನೀರನ್ನು ಒಪ್ಪಿಸಲಾಗಲಿಲ್ಲ.

ಅವನು ಯಾವುದೋ ಕೇಸಿನ ಕೆಲಸಕ್ಕೆ ಪರಊರಿಗೆ ಹೋದಾಗ ನಾನೂ ನಾದಿನಿಯೂ ಕಾರಿಗೆ ಕೈ ಹಾಕಿದೆವು. ನನ್ನ ತವರು ಹೊರ್ತಿಯಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ಗಿರಣಿಯ ತಗಡು ಸೋರಿದರೆ ಅಪ್ಪ ಹನಿ ಬೀಳುವ ಜಾಗ ನೋಡುತ್ತಿರಲಿಲ್ಲ. ಮೇಲಿನ ಜಂತಿಗೆ ಹಿಟ್ಟು ಒರೆಸಿ, ಒದ್ದೆ ಗೆರೆ ಎಲ್ಲಿಂದ ಶುರುವಾಯಿತೆಂದು ನೋಡುತ್ತಿದ್ದ. ನಾನು ಕಾರಿನೊಳಗಿನ ಚಾವಣಿ ಬಟ್ಟೆಯ ಹೊಲಿಗೆ ಬಿಚ್ಚಿ ಬೋಳು ತಗಡಿಗೆ ಜೋಳದ ಹಿಟ್ಟು ಒರೆಸಿದೆ. ಹೊರಗಿನಿಂದ ನಾದಿನಿ ಕೊಡದಿಂದ ನೀರು ಸುರಿದಳು.

"ಅಂವಗ ಗೊತ್ತಾದ್ರ ಮನಿ ಹಾರಿಸ್ತಾನ" ಎಂದಳು ಅತ್ತೆ, ಹೊಸ್ತಿಲಲ್ಲಿ ನಿಂತು. ಆಮೇಲೆ ಇನ್ನೊಂದು ಕೊಡ ತಾನೇ ತಂದಳು.

ಚಾವಣಿಗೆ ಎಷ್ಟು ಸುರಿದರೂ ಹಿಟ್ಟು ಒಣಗಿಯೇ ಇತ್ತು. ಮುಂದಿನ ಗಾಜಿಗೆ ಸುರಿದದ್ದೇ ಮೇಲಿನ ಮೂಲೆಯಿಂದ ಒಂದು ಕಪ್ಪು ಗೆರೆ ಹೊರಟು, ತಗಡಿನ ಮೇಲೆ ಹರಿದು ಹಿಂದಕ್ಕೆ ಬಂತು. ಗಾಜಿನ ಸುತ್ತಲಿನ ರಬ್ಬರ್ ಒಣಗಿ ಸೀಳಿತ್ತು, ಅಷ್ಟೇ. ಅದನ್ನು ಸೀಮೆಎಣ್ಣೆಯಿಂದ ಒರೆಸಿ, ಸೈಕಲ್ ಟ್ಯೂಬು ಕತ್ತರಿಸಿ, ಪಂಕ್ಚರ್ ಹಚ್ಚುವ ಸೊಲ್ಯೂಶನ್ ಬಳಿದು ಸಂದಿಗೆ ತುರುಕಿದೆವು. ಒಣಗಿದ ಮೇಲೆ ಮತ್ತೆ ನೀರು ಸುರಿದರೆ ಹಿಟ್ಟು ಬೆಳ್ಳಗೇ ಉಳಿಯಿತು. ಬಟ್ಟೆ ಹೊಲಿದುಬಿಟ್ಟೆ.

ಭಾವ ಬಂದ, ಮಳೆಯೂ ಬಂತು, ಕಾರು ಸೋರಲಿಲ್ಲ. "ನೋಡ್ರಿ, ಡಾಂಬರ ಈಗ ಕುಂತೈತಿ!" ಎಂದ. ಅವನಿಗೆ ತಿಳಿಸಿ ಹೇಳುವುದೂ ದಂಡವೆನಿಸಿ ರೊಟ್ಟಿ ಬಡಿಯಲು ಒಳಗೆ ಹೋದೆ.

ಮುಂದಿನ ಸಂಬಂಧ ಬಸವನ ಬಾಗೇವಾಡಿಯದು. ಅಲ್ಲಿಗೂ ನಮ್ಮನ್ನು ಕಾರಿನಲ್ಲೇ ತುಂಬಿಕೊಂಡು ಹೋದ. ಜಿಟಿಜಿಟಿ ಮಳೆಯಲ್ಲೂ ಒಣಗಿಯೇ ಇಳಿದೆವು. ಪಡಸಾಲೆಯಲ್ಲಿ ಕುಳಿತವನೇ ಡಾಂಬರಿನ ಕತೆ ಶುರು ಮಾಡಿದ. ತಲೆ ತಗ್ಗಿಸಿ ಕೂಡಬೇಕಾದ ನಾದಿನಿ ತಲೆ ಎತ್ತಿ ನನ್ನ ಕಡೆ ಕೈ ಮಾಡಿದಳು.

"ಡಾಂಬರ ಅಲ್ರಿ. ವೈನಿ ಗಾಜಿನ ರಬ್ಬರ್ ದುರಸ್ತಿ ಮಾಡ್ಯಾರ. ನೀರು ಹಾಕಿದಾಕಿ ನಾ."

"ಹೆಣ್ಮಕ್ಕಳ ಮಾತು, ಮನಸಿಗಿ ಹಚ್ಚಿಕೋಬ್ಯಾಡ್ರಿ" ಎಂದು ಭಾವ ನಕ್ಕ. ಬೇರೆ ಯಾರೂ ನಗಲಿಲ್ಲ.

ವರ ಎದ್ದು ಮಳೆಯಲ್ಲೇ ಹೊರಗೆ ಹೋದ. ಗಾಜಿನ ಅಂಚಿಗೆ ಬೆರಳಾಡಿಸಿ ಬಂದು, "ಹೌದ್ರಿ, ಟ್ಯೂಬು ಕೂಡಿಸ್ಯಾರ. ಡಾಂಬರ ಬಿರುಕು ಬಿಟ್ಟೈತಿ" ಎಂದ. ನನ್ನ ಕಡೆ ತಿರುಗಿ, "ಅಕ್ಕಾರ, ಸೋರೂ ಜಾಗಾ ಹೆಂಗ ಹಿಡದ್ರಿ?" ಎಂದು ಕೇಳಿದ. ಹೇಳಿದೆ. ಭಾವ ಬಸಿಯೊಳಗಿನ ಚಹಾ ಊದುತ್ತ ಕುಳಿತಿದ್ದ.

ಮನೆಗೆ ಬಂದದ್ದೇ ಅವನ ತೀರ್ಪು: "ಈ ಸಂಬಂಧ ಬ್ಯಾಡ. ಹುಡುಗಗ ದೊಡ್ಡವರ ಮರ್ಯಾದಿ ಗೊತ್ತಿಲ್ಲ."

"ನನಗ ಬೇಕು" ಎಂದಳು ನಾದಿನಿ.

ಅತ್ತೆ ಅವಳ ಪಕ್ಕ ಹೋಗಿ ಕುಳಿತಳು. ಮಾತು ಮುಗಿಯಿತು.

ಮದುವೆಯಲ್ಲಿ, ಇಂಥ ವರನನ್ನು ಹುಡುಕಿದ್ದು ತಾನೇ ಎಂದು ಭಾವ ಬಂದವರಿಗೆಲ್ಲ ಹೇಳಿದ. ಕಾರು ಮಾರಿದ ಮೇಲೂ ಡಾಂಬರಿನ ಕತೆ ಬಿಡಲಿಲ್ಲ. ನಾನು ಅವನ ತಾಟಿಗೆ ರೊಟ್ಟಿ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದೆ. ವಯಸ್ಸಾದ ಮೇಲಾದರೂ ಅವನ ಮೇಲೆ ಕನಿಕರ ಹುಟ್ಟೀತೆಂದು ಕಾದು ನೋಡಿದೆ, ಹುಟ್ಟಲಿಲ್ಲ. ಅವನು ತೀರಿಕೊಂಡ ದಿನ ಮನೆಯವರೆಲ್ಲ ಅತ್ತರು. ನಾನು ಬಂದವರಿಗೆ ಚಹಾ ಮಾಡಿಕೊಟ್ಟೆ.