ಹನ್ನೊಂದು ವೈರ್ ಬುಟ್ಟಿಗಳು

ಬೆಳ್ಳೂರು ಕ್ರಾಸಿನ ಅಂಗಡಿಯ ಮುಂದೆ ತೂಗುಹಾಕಿದ್ದ ಪ್ಲಾಸ್ಟಿಕ್ ವೈರಿನ ಕಟ್ಟುಗಳು ಬಿಸಿಲಿಗೆ ಕಾದು ವಾಸನೆ ಬಿಡುತ್ತಿದ್ದವು. ಬಸ್ಸಿಗೆ ಕಾಯುತ್ತಿದ್ದ ನಾನು ಹತ್ತಿರ ಹೋಗಿ ನಿಂತೆ. ನಿಮ್ಮ ಮನೆಯಲ್ಲೂ ಅಂಥ ವೈರಿನ ಬುಟ್ಟಿಯೊಂದು ಇದ್ದಿರಬೇಕು. ನಾಗಮಂಗಲದ ಹತ್ತಿರದ ನಮ್ಮ ಮನೆ ಈಗಿಲ್ಲ. ಇದ್ದಾಗ ಅದರ ಜಗಲಿಯ ಮೇಲೆ ಮಧ್ಯಾಹ್ನವೆಲ್ಲ ಇದೇ ವಾಸನೆ. ಅಪ್ಪನ ಅಕ್ಕ ಜಯತ್ತೆ ಕಾಲು ಚಾಚಿ ಕೂತು ಬುಟ್ಟಿ ಹೆಣೆಯುತ್ತಿದ್ದಳು, ಪಕ್ಕದಲ್ಲಿ ಕೂತು ಗಂಟು ಬಿಗಿಯುವುದು ನನ್ನ ಕೆಲಸ. "ಗಟ್ಟಿಯಾಗಿ ಎಳಿ ಕಣವ್ವ, ಸಡ್ಲ ಬುಟ್ರೆ ಸೊಟ್ಟಕಾಯ್ತದೆ" ಎನ್ನುತ್ತಿದ್ದಳು. ಅಷ್ಟು ಸುಖದ ಮಧ್ಯಾಹ್ನಗಳು ನನಗೆ ಮತ್ತೆ ಸಿಗಲಿಲ್ಲ.

ಜಯತ್ತೆಯ ಬೆರಳುಗಳಿಗೆ ತೊನ್ನು ಹತ್ತಿತ್ತು. ಹಾಗಾಗಿ ಅವಳ ಮದುವೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆಗೆಲ್ಲ ಹೆಣ್ಣು ನೋಡಲು ಬಂದವರಿಗೆ ಹುಡುಗಿಯ ಕೈಕೆಲಸ ತೋರಿಸಬೇಕಿತ್ತು. ತಂಗಿ ಸುಮತ್ತೆಯನ್ನು ನೋಡಲು ಕೆ.ಆರ್. ಪೇಟೆ ಕಡೆಯವರು ಬಂದ ದಿನ ಅಜ್ಜಿ ಜಯತ್ತೆಯನ್ನು ತೆಂಗಿನ ತೋಟಕ್ಕೆ ಅಟ್ಟಿ, ಅವಳು ಹೆಣೆದ ಬುಟ್ಟಿಗಳನ್ನು ಗಾಜಿನ ಬೀರುವಿನಲ್ಲಿ ಜೋಡಿಸಿದಳು. "ಎಲ್ಲಾ ನಮ್ ಸುಮನೇ ಎಣೆದಿರೋದು" ಎಂದು ನಾಚಿಕೆಯಿಲ್ಲದೆ ಹೇಳಿದಳು. ಗಂಡಿನ ತಾಯಿ ಮೆಚ್ಚಿ, ಮದುವೆಗೆ ತಮ್ಮ ಕಡೆಯ ಹನ್ನೊಂದು ಹೆಂಗಸರಿಗೂ ಒಂದೊಂದು ಬೇಕೆಂದರು. ಬೇರೆ ಯಾರಾದರೂ ಸಿಟ್ಟಾಗುತ್ತಿದ್ದರು. ಜಯತ್ತೆ ಹಿಗ್ಗಿಬಿಟ್ಟಳು. "ನನ್ ಬುಟ್ಟಿ ಅನ್ನೊಂದ್ ಮನೆ ಸೇರ್ತವಲ್ಲ ಕಣವ್ವ!" ಎರಡು ತಿಂಗಳು ಕೂತು ಹೆಣೆದೆವು.

ಮದುವೆಯ ದಿನ ಬೀಗರ ಕಡೆಯ ಹೆಂಗಸೊಬ್ಬರು ಬುಟ್ಟಿ ತಿರುಗಿಸಿ ನೋಡುತ್ತ, "ನಿಮ್ ಸುಮತ್ತೆ ಕೈಕೆಲ್ಸ ಚೆಂದಾಗದೆ" ಎಂದರು. ಎಂಟು ವರ್ಷದ ನನಗೆ ತಡೆಯಲಾಗಲಿಲ್ಲ. "ಸುಮತ್ತೆ ಅಲ್ಲ, ನಮ್ ಜಯತ್ತೆ ಮಾಡಿದ್ದು!" ಎಂದು ಓಡಿಹೋಗಿ, ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದವಳ ಕೈ ಹಿಡಿದು ಎಳೆದುತಂದೆ. ಆ ಹೆಂಗಸು ಅವಳ ಬೆರಳು ನೋಡಿದರು. ಬುಟ್ಟಿ ಕೆಳಗಿಟ್ಟು ಕೈ ತೊಳೆಯಲು ಎದ್ದರು.

ಮೂರನೆಯ ದಿನ ಸುಮತ್ತೆಯನ್ನು ಕರೆತರಲು ಹೋದ ಅಪ್ಪನ ಕೈಯಲ್ಲಿ ಬುಟ್ಟಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ವಾಪಸ್ಸು ಕಳಿಸಿದ್ದರು. "ಈಚೆಗ್ ಬರ್ಬ್ಯಾಡ ಅಂದಿರ್ಲಿಲ್ವಾ ನಿಂಗೆ?" ಎಂದು ಅಜ್ಜಿ ಜಯತ್ತೆಯ ಕೆನ್ನೆಗೆ ಬಾರಿಸಿದಳು. ಅವಳು ನನ್ನ ಹೆಸರು ಹೇಳಲಿಲ್ಲ. ನಾನೂ ಕಂಬದ ಮರೆಯಿಂದ ಈಚೆ ಬರಲಿಲ್ಲ, ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ. ಅಜ್ಜಿ ನೀರೊಲೆಗೆ ಹಾಕುವ ಮೊದಲು ಜಯತ್ತೆ ಬುಟ್ಟಿಗಳನ್ನು ಎಣಿಸಿದಳು. "ಅನ್ನೊಂದ್ರಲ್ಲಿ ಅತ್ತೇ ಅವೆ. ಯಾರೋ ಒಬ್ರು ಮಡೀಕಂಡವ್ರೆ ಕಣವ್ವ" ಎಂದು ನನಗೆ ಪಿಸುಗುಟ್ಟಿದಳು. ಮತ್ತೆಂದೂ ವೈರು ಮುಟ್ಟಲಿಲ್ಲ. ಆದರೆ ಆ ಒಬ್ಬ ಪುಣ್ಯಾತ್ಗಿತ್ತಿ ಯಾರಿರಬಹುದೆಂದು ಯೋಚಿಸುತ್ತಲೇ ಮುದುಕಿಯಾದಳು.

ಸುಮತ್ತೆ ನನಗೆ ಒಮ್ಮೆ ನಿಜ ಹೇಳಿದ್ದಳು. ಹನ್ನೊಂದನೆಯದನ್ನು ಅವಳ ಗಂಡನ ಮನೆಯವರು ಮದುವೆಯ ದಿನವೇ ತಿಪ್ಪೆಗೆ ಎಸೆದಿದ್ದರಂತೆ. ಸಗಣಿ ಮೆತ್ತಿದ್ದರಿಂದ ಚೀಲಕ್ಕೆ ತುಂಬಲಿಲ್ಲವಂತೆ.

ಕಳೆದ ವರ್ಷ ಆಸ್ಪತ್ರೆಯಲ್ಲಿ, ಉಸಿರಿಗೂ ಕಷ್ಟಪಡುತ್ತಿದ್ದ ಜಯತ್ತೆ, "ಆ ಬುಟ್ಟಿ ಇನ್ನೂ ಅದಂತಾ?" ಎಂದು ಕೇಳಿದಳು.

"ಅದಂತೆ ಕಣತ್ತೆ. ಈಗ್ಲೂ ಸಂತೆಗೆ ಅದ್ನೇ ತಗೊಂಡ್ ಓಯ್ತಾರಂತೆ."

ಅವಳ ಮುಖ ಅರಳಿತು. ಜೀವಮಾನವಿಡೀ ನನಗೆ ಏನೇನೋ ಮಾಡಿಕೊಟ್ಟವಳಿಗೆ ನಾನು ಮಾಡಿಕೊಟ್ಟದ್ದು ಆ ಸುಳ್ಳೊಂದನ್ನೇ.