ಸೌಟಕ್ಕ ಸುಮ್ಮನಿದ್ದ ನಾಲ್ಕು ದಿನ

ಆ ಬಡಾವಣೆಯಲ್ಲಿ ನಾಯಿ ಸಾಕಿದವರು ಹೊರಗೆ ಊಟಕ್ಕೆ ಹೊರಟರೆಂದರೆ ಅದೊಂದು ದೊಡ್ಡ ಪಂಚಾಯಿತಿ. ವೃತ್ತದ ಬಳಿಯ ದೊಡ್ಡ ಹೋಟೆಲಿನ ಬಾಗಿಲಲ್ಲೇ ಬೋರ್ಡು: ನಾಯಿಗಳಿಗೆ ಪ್ರವೇಶವಿಲ್ಲ. ಬೇಕರಿಯವನಿಗೆ ಮಡಿಲಲ್ಲಿ ಹಿಡಿಯುವಷ್ಟು ಪುಟ್ಟ ನಾಯಿಯಾದರೆ ಸೈ, ನಾಲ್ಕು ಕಾಲು ನೆಲಕ್ಕೆ ತಾಗಿದವೋ, ಹೊರಗೆ. ಪಾರ್ಕಿನೆದುರಿನ ಹೊಸ ಕಾಫಿ ಅಂಗಡಿಯಲ್ಲಿ ನಾಯಿಗಳಿಗೆ ಸ್ವಾಗತವೇನೋ ಇತ್ತು, ಆದರೆ ಅಲ್ಲಿ ಮನುಷ್ಯರಿಗೇ ಹೊಟ್ಟೆ ತುಂಬುತ್ತಿರಲಿಲ್ಲ. ಕೊನೆಗೆ ಉಳಿಯುತ್ತಿದ್ದದ್ದು ಸೌಟಕ್ಕನ ಜಾಗ.

ಸೌಟಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ ಬಿಡಿ. ಮಾತಾಡುವಾಗಲೂ ಕೈಯಲ್ಲಿ ಸೌಟು, ಬೈಯುವಾಗಲೂ ಸೌಟು, ಫೋನು ಬಂದರೆ ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು "ಹಲೋ" ಎನ್ನುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕಾರ್ ಶೆಡ್ಡಿನಲ್ಲಿ ಏಳು ಮೇಜು ಹಾಕಿ ಊಟದ ಅಂಗಡಿ ತೆರೆದಿದ್ದಳು. ಸೂಪು, ಬ್ರೆಡ್ಡು, ಆಮ್ಲೆಟ್ಟು, ಅನ್ನದ ಜೊತೆ ಒಂದು ಕೋಳಿ ಸಾರು, ಅಷ್ಟೇ. ಅಡುಗೆಮನೆ ಅಕ್ಕನದು, ಗಲ್ಲಾ ತಂಗಿಯದು. ತಂಗಿ ಲೆಕ್ಕಾಚಾರದವಳು, ನಕ್ಕರೂ ಅಳೆದು ತೂಗಿ ನಗುವವಳು. ಅಕ್ಕನದೋ ಧಾರಾಳದ ಕೈ. ಇಬ್ಬರೂ ದಿನಕ್ಕೆ ಹತ್ತು ಸಲ ಜಗಳವಾಡಿ ಹನ್ನೊಂದು ಸಲ ರಾಜಿಯಾಗುತ್ತಿದ್ದರು.

ಅಲ್ಲಿಗೆ ನಾಯಿಗಳು ಬರತೊಡಗಿದ್ದು ಅಂಚೆಯಣ್ಣನ ದೆಸೆಯಿಂದ. ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಅಂಚೆ ಕೆಲಸದಿಂದ ನಿವೃತ್ತರಾದ ಆ ಮನುಷ್ಯ ಗೇಟಿನಾಚೆ ನಿಂತುಕೊಂಡೇ ಆಮ್ಲೆಟ್ಟು ತಿನ್ನುತ್ತಿದ್ದರು.

"ಯಾಕಣ್ಣ, ಯಾರಾದ್ರೂ ಶಿಕ್ಷೆ ಕೊಟ್ಟಿದ್ದಾರಾ? ಒಳಗೆ ಬಂದು ಕೂತ್ಕೊಳಿ" ಎಂದಳು ಸೌಟಕ್ಕ.

"ಜೊತೇಲಿ ಸಾಹೇಬ್ರಿದ್ದಾರಮ್ಮ."

ಬಗ್ಗಿ ನೋಡಿದರೆ ಕಂದು ಬಣ್ಣದ, ಒಂದು ಕಿವಿ ಜೋತುಬಿದ್ದ ನಾಯಿ. "ಮೂವತ್ತೈದು ವರ್ಷ ಸಾಹೇಬರ ಮಾತು ಕೇಳಿ ಅಭ್ಯಾಸ ಆಗ್ಬಿಟ್ಟಿದೆ. ಮನೇಲೂ ಒಬ್ಬ ಇರ್ಲಿ ಅಂತ" ಎಂದರು ಅಂಚೆಯಣ್ಣ. ಸರ್ವೀಸಿನಲ್ಲಿ ಮೂರು ಸಲ ನಾಯಿಯಿಂದ ಕಚ್ಚಿಸಿಕೊಂಡ ಮನುಷ್ಯ ಅವರು, ಹೆಂಡತಿ ಮಕ್ಕಳಿಲ್ಲ, ಇದ್ದದ್ದು ಅದೊಂದೇ ಜೀವ. ಸೌಟಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ಸಾಹೇಬರನ್ನೂ ಒಳಗೆ ಕರೆದಳು. ಒಂದು ನಾಯಿ ಬಂತು, ಅದನ್ನು ನೋಡಿ ಇನ್ನೊಂದು ಬಂತು. ಆರು ತಿಂಗಳಲ್ಲಿ ಭಾನುವಾರಗಳಂದು ಮೇಜಿನ ಮೇಲೆ ಇಪ್ಪತ್ತು ತಲೆ, ಕೆಳಗೆ ಎಂಟು ಬಾಲ. ಗೋಡೆಗೆ ಹಗ್ಗ ಸಿಕ್ಕಿಸಲು ಕೊಕ್ಕೆಗಳು ಬಂದವು, ಸಾಲಾಗಿ ಸ್ಟೀಲು ಬಟ್ಟಲುಗಳು ಬಂದವು.

ಮತ್ತೆ ಬಂದದ್ದು ಜರಡಿಯ ಪಾಲು. ಸೂಪಿಗೆಂದು ಬೆಳಗ್ಗೆ ಆರಕ್ಕೇ ದೊಡ್ಡ ಪಾತ್ರೆಯಲ್ಲಿ ಕೋಳಿ ಮೂಳೆ, ಕ್ಯಾರೆಟ್ಟು, ಏಳೆಂಟು ಈರುಳ್ಳಿ ಹಾಕಿ ಕುದಿಯಲು ಇಟ್ಟರೆ ಹತ್ತಕ್ಕೆ ಸೋಸುವುದು. ಜರಡಿಯಲ್ಲಿ ಉಳಿದದ್ದನ್ನು ಚೆಲ್ಲಲು ಸೌಟಕ್ಕನಿಗೆ ಮನಸ್ಸು ಬರುತ್ತಿರಲಿಲ್ಲ. ಅದನ್ನು ಕೈಯಲ್ಲಿ ಹಿಸುಕಿ, ಒಂದೊಂದೇ ಮೂಳೆ ಆರಿಸಿ ತೆಗೆದು, ಚೂರೂ ಉಪ್ಪು ಸೋಕಿಸದೆ, ಅನ್ನ ಕಲಸಿ ನಾಯಿಗಳಿಗೆ ಹಾಕುತ್ತಿದ್ದಳು. ಕೋಳಿ ಮೂಳೆ ನಾಯಿಯ ಗಂಟಲಿಗೆ ಚುಚ್ಚುತ್ತದೆ, ಉಪ್ಪು ಅದಕ್ಕೆ ಆಗಿಬರುವುದಿಲ್ಲ ಎಂದು ಯಾರೋ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಉಳಿದ ನಾಯಿಗಳಿಗೆ ವಾರಕ್ಕೊಮ್ಮೆ ಒಂದು ಸೌಟು. ಸಾಹೇಬನಿಗೆ ದಿನವೂ ಎರಡು.

ಅಂಥ ಸಾಹೇಬ ಒಂದು ವಾರ ಬರಲಿಲ್ಲ. ಸೋಮವಾರ ಅಂಚೆಯಣ್ಣ ಒಬ್ಬರೇ ಬಂದರು, ಕೈಯಲ್ಲಿ ಒಂದು ಡಬ್ಬಿ.

"ಎದ್ದು ಓಡಾಡ್ತಾನೇ ಇಲ್ಲಮ್ಮ. ವಸಡೆಲ್ಲ ಸುಣ್ಣ ಬಳಿದ ಹಾಗಾಗಿದೆ. ಉಣ್ಣೆ ಕಚ್ಚಿ ಬಂದ ಜ್ವರ ಇರಬಹುದು ಅಂತಾರೆ ಡಾಕ್ಟ್ರು. ಏನಿಟ್ಟರೂ ಮುಟ್ಟಲ್ಲ. ನಿನ್ನ ಕೈಯಡುಗೆ ಆದ್ರೆ ಮೂಸಿಯಾದರೂ ನೋಡ್ತಾನೇನೋ, ಒಂದಿಷ್ಟು ಹಾಕ್ಕೊಡು."

ಸೌಟಕ್ಕ ಡಬ್ಬಿಯನ್ನು ಒತ್ತಿ ಒತ್ತಿ ತುಂಬಿದಳು. ಮುಚ್ಚಳ ಹಾಕಲಾಗದಷ್ಟು.

ಮರುದಿನ ಮಂಗಳವಾರ. ಬಡಾವಣೆಗೆ ಹೊಸದಾಗಿ ಬಂದಿದ್ದ ಹಲ್ಲಿನ ಡಾಕ್ಟರಮ್ಮ ತನ್ನ ಬಿಳಿ ಮರಿಯನ್ನು ಕರೆತಂದಿದ್ದಳು. ಸೌಟಕ್ಕ ಬಟ್ಟಲು ಇಟ್ಟದ್ದೇ ತಡ, ಆಕೆ ಬಗ್ಗಿ ಮೂಸಿ ನೋಡಿ ಬಟ್ಟಲನ್ನು ಸರಕ್ಕನೆ ಎಳೆದುಕೊಂಡಳು.

"ಇದರಲ್ಲಿ ಈರುಳ್ಳಿ ಇದೆಯಾ?"

"ಬೆಂದು ಕರಗಿ ಹೋಗಿರತ್ತಮ್ಮ, ಕಾಣೋದೂ ಇಲ್ಲ."

"ಅಯ್ಯೋ, ಬೇಯಿಸಿದ್ರೂ ಅಷ್ಟೇ! ಈರುಳ್ಳಿ ನಾಯಿಗೆ ವಿಷ ಅಲ್ವಾ? ಒಂದು ದಿನ ತಿಂದ್ರೆ ಗೊತ್ತಾಗಲ್ಲ. ದಿನಾ ಸ್ವಲ್ಪ ಸ್ವಲ್ಪ ಹೋದ್ರೆ ರಕ್ತಾನೇ ಒಡೆದುಹೋಗತ್ತೆ. ನಿತ್ರಾಣ ಆಗ್ತಾವೆ, ವಸಡು ಬೆಳ್ಳಗಾಗತ್ತೆ."

ವಸಡು ಎಂದ ಕೂಡಲೇ ಸೌಟಕ್ಕ ಕೈಯ ಸೌಟನ್ನು ಕೆಳಗಿಟ್ಟಳು. ಗಲ್ಲಾದಿಂದ ತಂಗಿ ಹಾರಿ ಬಂದವಳೇ, "ಇಲ್ಲ ಮೇಡಂ, ಇವತ್ತು ಕೈತಪ್ಪಿ ಬಿದ್ದಿದೆ ಅಷ್ಟೇ, ನಾವು ಯಾವತ್ತೂ ಹಾಕಲ್ಲ" ಎಂದು ಬಟ್ಟಲು ಎತ್ತಿಕೊಂಡು, ಅಕ್ಕನ ಮೊಣಕೈ ಹಿಡಿದು ಒಳಗೆ ನಡೆಸಿದಳು.

"ಅಂಚೆಯಣ್ಣಂಗೆ ಈಗಲೇ ಹೇಳ್ಬೇಕು ಕಣೇ" ಎಂದಳು ಸೌಟಕ್ಕ.

"ಹೇಳಿ? ನಾಳೆ ಬೆಳಗಾದ್ರೆ ಸೌಟಕ್ಕ ನಾಯಿಗೆ ವಿಷ ಹಾಕಿದ್ಲು ಅಂತ ಬೀದಿಯೆಲ್ಲ ಡಂಗುರ. ನಮ್ಮಲ್ಲಿಗೆ ಜನ ಬರೋದೇ ನಾಯಿಗಳಿಂದ. ಬಾಗಿಲು ಹಾಕ್ಕೊಂಡು ಹೋಗೋದಾ? ನಾಳೆಯಿಂದ ಈರುಳ್ಳಿ ಬೇರೆ ಪಾತ್ರೆಗೆ ಹಾಕು. ಹಾವೂ ಸಾಯತ್ತೆ, ಕೋಲೂ ಮುರಿಯಲ್ಲ."

"ಆ ಡಬ್ಬಿ?"

"ಸಾಹೇಬನ ಹೊಟ್ಟೆ ನಿಂಗೆ ಗೊತ್ತಿಲ್ವಾ? ಎರಡು ಹೊತ್ತಿಗೆ ನೆಕ್ಕಿ ಮುಗಿಸಿರ್ತಾನೆ. ಇನ್ನು ಹೇಳಿ ಏನು ಬಂತು?"

ನಿಜ ಹೇಳಬೇಕೆಂದರೆ ತಂಗಿಯ ಮಾತಿಗೆ ಸೌಟಕ್ಕ ಸೋತದ್ದಲ್ಲ. ಯಾರಾದರೂ ಹೀಗೆ ಹೇಳಲಿ ಎಂದು ಅವಳ ಮನಸ್ಸೇ ಕಾಯುತ್ತಿತ್ತು. ಐದು ವರ್ಷ ನಾಯಿಗಳ ತಾಯಿ ಎಂದು ಹೊಗಳಿಸಿಕೊಂಡ ಮೇಲೆ, ನಾನೇ ವಿಷ ಹಾಕಿದವಳು ಎಂದು ಬಾಯಿಬಿಟ್ಟು ಹೇಳುವುದು ಯಾರಿಗೆ ಬೇಕು! ಉಣ್ಣೆ ಜ್ವರವೇ ಇರಬಹುದು, ಔಷಧಿ ನಡೆಯುತ್ತಿದೆ, ವಾಸಿಯಾಗುತ್ತದೆ ಎಂದುಕೊಂಡಳು.

ಬುಧವಾರ ಈರುಳ್ಳಿ ಬೇರೆ ಪಾತ್ರೆಗೆ ಹೋಯಿತು. ಅದನ್ನು ಹೆಚ್ಚುತ್ತಾ ಸೌಟಕ್ಕ ಅತ್ತಳು. ಈರುಳ್ಳಿ ಹೆಚ್ಚುವವಳು ಅತ್ತರೆ ಯಾಕೆಂದು ಯಾರೂ ಕೇಳುವುದಿಲ್ಲ, ಅದೊಂದು ಅನುಕೂಲ. ಗುರುವಾರ ಒಂದು ಮೇಜಿನವರು ಯಾರದೋ ಆಸ್ಪತ್ರೆ ಸುದ್ದಿ ಮಾತಾಡುತ್ತಾ "ಗೊತ್ತಿದ್ದೂ ಹೇಳಲಿಲ್ಲವಂತೆ, ಎಂಥ ಜನ!" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಸೌಟಕ್ಕ ಸೂಪಿನ ಬಟ್ಟಲನ್ನು ಬೇರೆ ಯಾರದೋ ಮೇಜಿಗೆ ಇಟ್ಟು ಬಂದಳು. ಶುಕ್ರವಾರ ಕೆಲಸ ಮುಗಿಸಿ ಚಪ್ಪಲಿ ಮೆಟ್ಟಿ ಅಂಚೆಯಣ್ಣನ ಬೀದಿಯವರೆಗೂ ಹೋದಳು. ಅವರ ಕಿಟಕಿ ತೆರೆದಿತ್ತು. ಒಳಗಿನಿಂದ "ಒಂದೇ ಒಂದು ತುತ್ತು ಕಣೋ, ನನ್ನಪ್ಪ ಅಲ್ವಾ" ಎನ್ನುವ ದನಿ ಕೇಳಿಸಿತು. ಅಲ್ಲಿಂದಲೇ ತಿರುಗಿ ಬಂದಳು. ಹೋದದ್ದು ಯಾಕೆ, ಬಂದದ್ದು ಯಾಕೆ? ಹೇಡಿ ಮುಂಡೇದು ಎಂದು ತನ್ನನ್ನು ತಾನೇ ಬೈದುಕೊಂಡಳು, ಆದರೂ ಬಾಯಿ ಮಾತ್ರ ತೆರೆಯಲಿಲ್ಲ.

ಶನಿವಾರ ಮಧ್ಯಾಹ್ನ ಏಳೂ ಮೇಜು ತುಂಬಿದ್ದವು. ಅಂಚೆಯಣ್ಣ ಬಂದರು. ನಾಲ್ಕು ದಿನದ ಗಡ್ಡ, ಅಂಗಿಯ ಗುಂಡಿ ಮೇಲೆ ಕೆಳಗೆ. ಕೈಯಲ್ಲಿ ತೊಳೆದು ಒರೆಸಿದ ಅದೇ ಡಬ್ಬಿ.

"ಮುಗೀತಮ್ಮ, ಇನ್ನೊಂದು ಸಲ ತುಂಬಿ ಕೊಡು. ಫ್ರಿಜ್ಜಲ್ಲಿಟ್ಟು ಹೊತ್ತಿಗೆ ನಾಲ್ಕು ಚಮಚದ ಹಾಗೆ ತಿನ್ನಿಸ್ತಿದ್ದೆ. ಇವತ್ತು ಬೆಳಗ್ಗೆಗೆ ಖಾಲಿ. ಬೇರೆ ಏನೂ ಮುಟ್ಟಲ್ಲ, ನಿನ್ನದೊಂದೇ ನುಂಗೋದು."

ಸೋಮವಾರದ ಡಬ್ಬಿ! ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ, ಅವಳು ಬಾಯಿ ಮುಚ್ಚಿಕೊಂಡಿದ್ದ ಒಂದೊಂದು ದಿನವೂ ಆ ಮನುಷ್ಯ ಮುದ್ದು ಮಾಡಿ ಮಾಡಿ ಅದನ್ನೇ ಉಣಿಸಿದ್ದರು.

"ಡಾಕ್ಟ್ರಿಗೂ ತಲೆ ಕೆಟ್ಟಿದೆ" ಎಂದರು ಅಂಚೆಯಣ್ಣ. "ಈರುಳ್ಳಿ ಗೀರುಳ್ಳಿ ಏನಾದ್ರೂ ತಿಂದಿದ್ನಾ ಅಂತ ಕೇಳಿದ್ರು. ನಾನಂದೆ, ಅದೆಲ್ಲ ಸಾಧ್ಯವೇ ಇಲ್ಲ ಸಾರ್, ಮನೆ ಬಿಟ್ರೆ ಅವನು ತಿನ್ನೋದು ಸೌಟಕ್ಕನ ಹತ್ರ. ಒಂದು ಮೂಳೆ ಇರಲ್ಲ, ಉಪ್ಪಿರಲ್ಲ, ಹೆತ್ತ ಮಗೂಗೆ ಮಾಡಿದ ಹಾಗೆ ಮಾಡಿ ಹಾಕ್ತಾಳೆ ಅಂತ."

ಗಲ್ಲಾದಿಂದ ತಂಗಿ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದಳು.

"ಅದರಲ್ಲಿ ಈರುಳ್ಳಿ ಇತ್ತಣ್ಣ" ಎಂದಳು ಸೌಟಕ್ಕ. ದನಿ ಎಲ್ಲ ಮೇಜಿಗೂ ಕೇಳುವಷ್ಟು ಜೋರಾಗಿ ಬಂತು. "ದಿನಾ ಇತ್ತು. ಐದು ವರ್ಷದಿಂದ ಹಾಕ್ತಿದ್ದೀನಿ. ಅದು ವಿಷ ಅಂತ ನಂಗೆ ಗೊತ್ತಿರ್ಲಿಲ್ಲ. ನಿಮ್ಮ ಸಾಹೇಬನ್ನ ಕೊಲ್ತಿರೋದು ಉಣ್ಣೆ ಅಲ್ಲ ಅಣ್ಣ, ನಾನು. ಮೊದಲು ಡಾಕ್ಟ್ರಿಗೆ ಫೋನ್ ಮಾಡಿ."

ಅಂಚೆಯಣ್ಣ ಕಿಸೆಯಿಂದ ಫೋನು ತೆಗೆದರು. ಆಮೇಲೆ ಮೆಲ್ಲಗೆ ಕೇಳಿದರು: "ಯಾವಾಗ ಗೊತ್ತಾಯ್ತು?"

ಈಗಷ್ಟೇ ಎಂದಿದ್ದರೆ ಮುಗಿಯುತ್ತಿತ್ತು. ಯಾರೂ ಸಾಕ್ಷಿಗೆ ಬರುತ್ತಿರಲಿಲ್ಲ.

"ಮಂಗಳವಾರ" ಎಂದಳು.

ಅವರು ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಗೊತ್ತಿಲ್ದೆ ಹಾಕಿದ್ರಿ, ಅದು ಸರಿ. ಗೊತ್ತಾದ ಮೇಲೂ ಸುಮ್ಮನಿದ್ರಲ್ಲ" ಎಂದಷ್ಟೇ ಹೇಳಿ, ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು, ಫೋನನ್ನು ಕಿವಿಗಿಟ್ಟುಕೊಂಡು ಹೋದರು. ಐದು ವರ್ಷದಲ್ಲಿ ಮೊದಲ ಸಲ ಅವರು ಸೌಟಕ್ಕನಿಗೆ ಬಹುವಚನ ಹಾಕಿದ್ದರು.

ಸಾಹೇಬನಿಗೆ ಯಾವುದೋ ದೊಡ್ಡ ನಾಯಿಯ ರಕ್ತ ಏರಿಸಿದರು. ಮೂರು ದಿನ ಉಳಿದರೂ ಉಳಿದ, ಹೋದರೂ ಹೋದ ಎನ್ನುವ ಸ್ಥಿತಿ. ಸೌಟಕ್ಕ ಮೂರು ದಿನವೂ ಪ್ರಾಣಿ ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ನಿಂತು, ಒಳಗೆ ಹೋಗುವ ಮುಖವಿಲ್ಲದೆ, ಹೊರಬಂದ ನರ್ಸಮ್ಮನನ್ನು ಕೇಳಿ ಕೇಳಿ ಬಂದಳು. ನಾಲ್ಕನೆಯ ದಿನ ನರ್ಸಮ್ಮನೇ ರಸ್ತೆ ದಾಟಿ ಬಂದು "ಎದ್ದು ನೀರು ಕುಡಿದ ಕಣಕ್ಕ" ಎಂದಳು. ಸೌಟಕ್ಕ ಅಲ್ಲೇ ಕುಕ್ಕರಿಸಿ ಸೆರಗು ಬಾಯಿಗೆ ಒತ್ತಿಕೊಂಡಳು.

ಅಂಗಡಿಯಲ್ಲಿ ತಂಗಿ ಹೇಳಿದ ಹಾಗೆಯೇ ಆಯಿತು. ಆ ಭಾನುವಾರ ಮೂರೇ ಮೇಜು. ಬಂದವರೂ ನಾಯಿಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಮುಂದಿನ ವಾರ ಐದು ಮೇಜಾಯಿತು, ಅದರ ಮುಂದಿನ ವಾರ ಹಲ್ಲಿನ ಡಾಕ್ಟರಮ್ಮನೇ ಬಿಳಿ ಮರಿಯ ಜೊತೆ ಬಂದು ಕೂತಳು. ಜನ ಮರೆತರು. ಎರಡು ವಾರ, ಹೆಚ್ಚೆಂದರೆ ಮೂರು. ಇಷ್ಟಕ್ಕಾಗಿಯೇ ನಾನು ಆ ಜೀವವನ್ನು ಪಣಕ್ಕಿಟ್ಟಿದ್ದು ಎಂದು ನೆನೆದು ಸೌಟಕ್ಕ ಬಡಿಸಿಕೊಂಡ ತಟ್ಟೆಯನ್ನು ಹಾಗೇ ಎತ್ತಿಡುತ್ತಿದ್ದಳು. ತಂಗಿ ಒಮ್ಮೆಯೂ "ನಾನು ಹೇಳಿರ್ಲಿಲ್ವಾ" ಎನ್ನಲಿಲ್ಲ. ಅವಳಿಗೂ ಚುಚ್ಚುತ್ತಿತ್ತೇನೋ.

ಇಪ್ಪತ್ತೈದನೆಯ ದಿನ ಬೆಳಗ್ಗೆ ಗೇಟು ಕಿರ್ ಎಂದಿತು. ಸಾಹೇಬ! ಪಕ್ಕೆಲುಬು ಎಣಿಸಬಹುದಿತ್ತು, ಆದರೂ ಹಗ್ಗವನ್ನು ಜಗ್ಗಿ ಜಗ್ಗಿ ಎಳೆಯುತ್ತಿದ್ದ. ಹಿಂದೆ ಅಂಚೆಯಣ್ಣ.

"ಬನ್ನಿ ಅಣ್ಣ, ಕೂತ್ಕೊಳಿ" ಎಂದಳು ಸೌಟಕ್ಕ. ಕಣ್ಣು ತುಂಬಿ ಬಂತು.

"ಕೂರೋಕೆ ಬಂದಿಲ್ಲ." ಅವರು ಗೋಡೆಯ ಕಡೆ ನೋಡುತ್ತಾ ಹೇಳಿದರು. "ನಾನು ಆಚೆ ರಸ್ತೇಲೇ ಹೋಗೋದು. ಇವನು ಬಿಡಲ್ಲ. ದಿನಾ ಇದೇ ರಗಳೆ. ತಿರುವಿನಲ್ಲಿ ಕಾಲೂರಿ ನಿಂತ್ಬಿಡ್ತಾನೆ, ಇಲ್ಲಿಗೇ ಬರ್ಬೇಕು ಅಂತಾನೆ. ಇವನಿಗೆ ಹೇಗೆ ಹೇಳೋದು?"

ಅಷ್ಟರಲ್ಲಿ ಸಾಹೇಬ ಸೌಟಕ್ಕನ ಮೊಣಕಾಲಿಗೆ ತಲೆ ಒತ್ತಿ, ಬಾಲ ಬಡಿಯುತ್ತಾ ಅವಳ ಬೆರಳುಗಳನ್ನು ಒಂದೊಂದಾಗಿ ನೆಕ್ಕುತ್ತಿದ್ದ. ಅವಳಿಗೆ ಕೈ ಎಳೆದುಕೊಳ್ಳಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

"ನೀವೇ ಒಂದು ಸಲ ಗದರಿಸಿ ಓಡಿಸಿಬಿಡಿ" ಎಂದರು ಅಂಚೆಯಣ್ಣ. "ನೀವು ಓಡಿಸಿದ್ರೆ ಮತ್ತೆ ಬರಲ್ಲ."

ಅವರ ದನಿಯಲ್ಲಿ ಸೇಡಿರಲಿಲ್ಲ. ದಿನವೂ ಹಗ್ಗ ಎಳೆದು ಸುಸ್ತಾದ ಮುದುಕನ ದನಿ ಅದು. ಇಲ್ಲ ಎನ್ನಲು ತನಗೆ ಯಾವ ಬಾಯಿದೆ ಎನಿಸಿತು ಸೌಟಕ್ಕನಿಗೆ.

"ಹಚಾ" ಎಂದಳು. ದನಿಯೇ ಹೊರಡಲಿಲ್ಲ. ಆಟವೇನೋ ಎಂದುಕೊಂಡು ಸಾಹೇಬ ಇನ್ನೂ ಜೋರಾಗಿ ಬಾಲ ಅಲ್ಲಾಡಿಸಿದ. ಅವಳು ಕಣ್ಣು ಒರೆಸಿಕೊಂಡು, ಉಸಿರು ಬಿಗಿಹಿಡಿದು, ಕಾಲಪ್ಪಳಿಸಿ ಕೂಗಿದಳು: "ಹಚಾ! ಹೋಗು! ಇಲ್ಲಿಗೆ ಬರ್ಬೇಡ!"

ಸಾಹೇಬ ಬೆಚ್ಚಿ ಹಿಂದೆ ಸರಿದ. ಬಾಲ ಕಾಲ ಸಂದಿಗೆ ಹೋಯಿತು. ಅಂಚೆಯಣ್ಣ ಬಗ್ಗಿ ಅವನ ಬೆನ್ನು ಸವರಿ, "ಬಾರೋ, ನಡಿ" ಎಂದು ಹಗ್ಗ ಹಿಡಿದು ಹೊರಟರು. ತಿರುವು ಮುಟ್ಟುವವರೆಗೆ ಸಾಹೇಬ ಎರಡು ಸಲ ಹಿಂತಿರುಗಿ ನೋಡಿದ. ಎರಡು ಸಲವೂ ಸೌಟಕ್ಕ ಮುಖ ಗಂಟಿಕ್ಕಿಕೊಂಡೇ ನಿಂತಿದ್ದಳು.