ಟ್ಯಾಂಕಿಗೆ ನೀರು ಎಲ್ಲಿಂದ ಬಂತು?

ಕಾಪುವಿನ ಉಮಾನಾಥನಿಗೆ ಅನುಮಾನ ಹುಟ್ಟುಗುಣ. ಮೀನು ತೂಗುವವನ ಬೆರಳು ತಕ್ಕಡಿಯ ಮೇಲುಂಟಾ ಎಂದು ನೋಡುವವ, ಹೋಟೆಲಿನ ಚಹಾವನ್ನೂ ಮೂಸಿಯೇ ಕುಡಿಯುವವ. ಇನ್ನು ಸ್ವಂತ ಬೋಟಿನ ಡೀಸೆಲ್ ಟ್ಯಾಂಕಿಯ ವಿಷಯ ಕೇಳಬೇಕಾ! ಬಟ್ಟೆಯಲ್ಲಿ ಸೋಸದೆ ಒಂದು ಹನಿ ಒಳಗೆ ಬಿಡ. ಮುಚ್ಚಳ ತಾನೇ ಬಿಗಿಯಬೇಕು. ಡೀಸೆಲಿಗೆ ನೀರು ಸೇರಿದರೆ ನಡುಸಮುದ್ರದಲ್ಲಿ ಇಂಜಿನ್ ಕೈಕೊಡುತ್ತದೆ, ಆಮೇಲೆ ಜೀವಕ್ಕೆ ಯಾರು ಹೊಣೆ?

ಅಂಥವನು ನಂಬಿದ್ದು ಒಬ್ಬನನ್ನೇ, ಬೋಟಿನ ಡ್ರೈವರ್ ಉದ್ಯಾವರದ ಲೀಲಾಧರನನ್ನು. ಒಂದು ಬೆಳಿಗ್ಗೆ ನೋಡಿದರೆ ಅವನು ಟ್ಯಾಂಕಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದಾನೆ. ಕೈಯಲ್ಲಿ ಬಾಟಲಿ, ಬಾಟಲಿಯಲ್ಲಿ ನೀರು!

“ಎಂತ ಅದು?”

“ಡೀಸೆಲಿನ ಅಡಿಗೆ ಇಳಿದ ನೀರನ್ನು ನಳ್ಳಿ ತಿರುಗಿಸಿ ತೆಗೆದೆ ಅಣ್ಣ.”

“ತೆಗೆದದ್ದಾ, ಹಾಕಲಿಕ್ಕೆ ತಂದದ್ದಾ? ಮುಚ್ಚಳ ಬಿಗಿದವನು ನಾನು. ಒಳಗೆ ನೀರು ಎಲ್ಲಿಂದ ಬಂತು ಮಾರಾಯ?”

ಲೀಲಾಧರ ತಲೆ ತಗ್ಗಿಸಿದ, ಬಾಯಿ ಬಿಡಲಿಲ್ಲ. ಉಮಾನಾಥನಿಗೆ ಅಷ್ಟೇ ಸಾಕಾಯಿತು. “ಇಳಿ ನನ್ನ ಬೋಟಿನಿಂದ,” ಎಂದ. ಮನೆಯಲ್ಲಿ ಈ ಸುದ್ದಿ ಎತ್ತಲಿಲ್ಲ.

ಮುಂದಿನ ವಾರ ಬೋಟು ಸಮುದ್ರದ ಮಧ್ಯೆ ಕೆಮ್ಮಿ ನಿಂತಿತು. ಹೊಸ ಡ್ರೈವರ್ ಫಿಲ್ಟರ್ ಬಿಚ್ಚಿದರೆ ನೀರು, ಲೋಳೆ. ಬೇರೆ ಬೋಟಿನವರು ದಡಕ್ಕೆ ಎಳೆದು ತಂದರು. ‘ಕಳ್ಳ! ಓಡಿಸಿದರೂ ಕದ್ದು ಬರುತ್ತಾನಲ್ಲ!’ ಎಂದು ಉಮಾನಾಥ ಹಲ್ಲು ಕಡಿದ. ಹಿಡಿದೇ ತೀರುತ್ತೇನೆಂದು ಬೆಳಕು ಹರಿಯುವಾಗ ಬಲೆಯ ರಾಶಿಯ ಹಿಂದೆ ಅಡಗಿ ಕುಳಿತ.

ಬಂದವಳು ಅವನ ಹೆಂಡತಿ ಗುಣವತಿ! ಚಪ್ಪಲಿ ಕಳಚಿಟ್ಟಳು, ಮುಚ್ಚಳ ತಿರುಗಿಸಿದಳು, ಕಣ್ಣುಮುಚ್ಚಿ ಪುಟ್ಟ ತಂಬಿಗೆಯಿಂದ ಏನೋ ಹೊಯ್ದಳು.

“ಏಯ್, ಎಂತ ಮಾಡ್ತಿದ್ದಿ?”

ಅವಳು ಬೆಚ್ಚಿಬಿದ್ದಳು. “ತೀರ್ಥ ಅಲ್ವಾ! ಎಲ್ಲೂರು ದೇವಸ್ಥಾನದ ಎಳನೀರಿನ ಅಭಿಷೇಕದ್ದು. ನಿಮ್ಮನ್ನು ಮನೆಗೆ ಮುಟ್ಟಿಸುವುದು ಇಂಜಿನ್. ಅದರ ಹೊಟ್ಟೆಗೂ ಸ್ವಲ್ಪ ಬೇಡವಾ? ನಿಮಗೆ ಎಲ್ಲದಕ್ಕೂ ಸಂಶಯ, ಅದಕ್ಕೆ ಹೇಳಲಿಲ್ಲ. ಲೀಲಾಧರನಿಗೆ ಗೊತ್ತುಂಟು. ‘ಹಾಕಿ ಅಕ್ಕ, ಮತ್ತೆ ನಾನು ನೋಡಿಕೊಳ್ಳುತ್ತೇನೆ’ ಅಂದಿದ್ದ. ಅವನಿಗೆ ಹುಷಾರಿಲ್ವಾ, ಕಾಣುವುದೇ ಇಲ್ಲ?”

ಉಮಾನಾಥನಿಗೆ ಈಗ ಹೊಳೆಯಿತು: ಇವಳು ಹಾಕಿದ್ದನ್ನೆಲ್ಲ ಲೀಲಾಧರ ಸದ್ದಿಲ್ಲದೆ ತೆಗೆದು ಚೆಲ್ಲುತ್ತಿದ್ದ. ಥೂ, ನನ್ನ ಕಣ್ಣಿಗಿಷ್ಟು ಮಣ್ಣು ಬೀಳ!

ಅಲ್ಲಿಂದಲೇ ಉದ್ಯಾವರಕ್ಕೆ ಹೋದ. ಲೀಲಾಧರ ಅಂಗಳದಲ್ಲೇ ಇದ್ದ. ಉಮಾನಾಥನ ಮುಖ ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು.

“ಅಕ್ಕನಿಗೆ ಬೈದಿರಾ?” ಎಂದು ಕೇಳಿದ.